ಮರಗಪ್ಪೆಗೆ ಮದ್ದು ಮಾಡಿದವರು

ಒಣ ಕೈಯಿಂದ ಕಪ್ಪೆಮರಿಯನ್ನು ಮುಟ್ಟಬಾರದು. ಕೈಗೆ ಸುಣ್ಣ, ತಂಬಾಕು, ಸಾಬೂನು, ಎಣ್ಣೆ ಹತ್ತಿದ್ದರೆ ಅದರ ಹತ್ತಿರವೂ ಹೋಗಬಾರದು. ಮರಿಗೆ ಮೈಯಲ್ಲಿ ನೆಟ್ಟಗಿಲ್ಲ ಎನಿಸಿದರೆ ಮೊದಲು ನೋಡಬೇಕು. ನೋಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಮದ್ದಿನ ಮಾತು ಆಮೇಲಿನದು.

ಈ ನಿಯಮವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರಗಳಲ್ಲಿ ಬರೆದು, ನಮ್ಮ ಹೈಸ್ಕೂಲಿನ ನಿಸರ್ಗ ಪಾಠದ ಖೋಲಿಯಲ್ಲಿ, ಒಳಗೆ ಬಂದವರ ಕಣ್ಣಿಗೆ ಹೊಡೆಯುವಂತೆ ತೂಗುಹಾಕಿದ್ದೆ. ಬಂದವರೆಲ್ಲ ಓದಿದರು. ಕೆಲವರು ಅಕ್ಷರ ದುಂಡಗಿವೆ ಎಂದು ಹೊಗಳಿದರು. ಓದಿ ಹೊಗಳಿ ಆದ ಮೇಲೆ ಮುಚ್ಚಳ ತೆಗೆದು ಮುಟ್ಟಿದರು.

ಧಾರವಾಡದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಇಲ್ಲಿ ಒಬ್ಬ ಸೀನಿದರೆ, ಅದು ಉಷ್ಣದ್ದೋ ಥಂಡಿಯದೋ ಎಂದು ನಾಲ್ಕು ಮಂದಿ ಕೂಡಿ ತೀರ್ಮಾನಿಸುವ ತನಕ ಸೀನಿದವನಿಗೆ ಬಿಡುಗಡೆಯಿಲ್ಲ. ಮನುಷ್ಯನಿಗಾದರೆ "ನನಗೇನೂ ಆಗಿಲ್ರಿ" ಎಂದು ಹೇಳಲು ಬಾಯಿದೆ. ಕಪ್ಪೆಗೂ ಇದೆ, ಆದರೆ ಮರಿ ವಯಸ್ಸಿನಲ್ಲಿ ಅದು ಒದರುವುದಿಲ್ಲ.

ಖೋಲಿಯ ಕರಾರು

ಮೂವತ್ತರ ದಶಕದ ಮಾತು. ಶಾಲೆಯ ಹಿತ್ತಲ ಕಡೆಗೆ ಒಂದು ಖೋಲಿ ಖಾಲಿ ಬಿತ್ತು. ನಾನು ಅದನ್ನು ನಿಸರ್ಗ ಪಾಠಕ್ಕೆ ಕೇಳಿದೆ. ಡ್ರಿಲ್ ಮಾಸ್ತರರು ಲೇಜಿಮು, ಡಂಬೆಲ್ಲು ಇಡಲು ಕೇಳಿದರು. ಅವರು ಮಹಾಯುದ್ಧದ ಕಾಲಕ್ಕೆ ಪಲ್ಟಣದಲ್ಲಿದ್ದು ಬಸ್ರಾದ ತನಕ ಹೋಗಿ ಬಂದವರು. ಲೇಜಿಮುಗಳು ಪಡಸಾಲೆಯಲ್ಲಿ ಬಿದ್ದು ಮಳೆಗೆ ತುಕ್ಕು ಹಿಡಿಯುತ್ತಿವೆ ಎಂಬುದು ಅವರ ತಕರಾರು. ಅದು ನಿಜವೇ ಆಗಿತ್ತು.

ನಮ್ಮ ಹೆಡ್‌ಮಾಸ್ತರರು ಯಾರ ಮನಸ್ಸನ್ನೂ ನೋಯಿಸದವರು. ಆದ್ದರಿಂದ ಯಾವ ತೀರ್ಮಾನವನ್ನೂ ತಾವಾಗಿ ಮಾಡದವರು. ನಾನು ಲಕಮನಹಳ್ಳಿಯ ಹೊಂಡದ ಮೇಲೆ ಬಾಗಿದ ಟೊಂಗೆಯೊಂದರಿಂದ, ಅಗಸರು ಮರೆತು ಹೋದ ಸಾಬೂನಿನ ನೊರೆಯಂತೆ ಕಾಣುವ ಮರಗಪ್ಪೆಯ ಗೂಡು ತಂದು, ಗೊದಮೊಟ್ಟೆಗಳನ್ನು ಸಾಕಿದ್ದೆ. ಆರು ಮರಿ ಕಾಲು ಮೂಡಿಸಿಕೊಂಡು, ಹೆಬ್ಬೆರಳಿನ ಉಗುರಿನಷ್ಟಾಗಿ, ಗಾಜಿನ ಪೆಟ್ಟಿಗೆಯೊಳಗಿನ ಟೊಂಗೆ ಹತ್ತಿದ್ದವು. ಹೆಡ್‌ಮಾಸ್ತರರು ಬಂದು ಅವನ್ನು ನೋಡಿದರು. ಅವರಿಗೆ ದಾರಿ ಸಿಕ್ಕಿತು.

"ಮಾಸ್ತರ, ಮಳಿಗಾಲ ಮುಗಿಯೂದ್ರಾಗ ಇನ್ಸ್‌ಪೆಕ್ಟರ್ ಸಾಹೇಬರು ಬರ್ತಾರ. ಅವರು ಬಂದ ದಿನ ಈ ಆರೂ ಜೀವಂತ ಇದ್ವು ಅಂದ್ರ ಖೋಲಿ ನಿಮಗ. ಒಂದು ಕಡಿಮಿ ಆದ್ರೂ ಡ್ರಿಲ್ ಮಾಸ್ತರಿಗೆ. ಆಮ್ಯಾಲೆ ನನಗ ಯಾರೂ ಏನೂ ಅನಬಾರದು."

ಹೀಗೆ ನಮ್ಮ ಶಾಲೆಯಲ್ಲಿ ವಿಜ್ಞಾನದ ಭವಿಷ್ಯ ಆರು ಕಪ್ಪೆಮರಿಗಳ ಆರೋಗ್ಯಕ್ಕೆ ಗಂಟು ಬಿತ್ತು. ಸುದ್ದಿ ಹಬ್ಬಿತು. ಇಡೀ ಸ್ಟಾಫ್ ನನ್ನ ಪಕ್ಷ ವಹಿಸಿತು. ಅಪಾಯ ಅಲ್ಲಿಂದಲೇ ಶುರುವಾಯಿತು.

ಡ್ರಿಲ್ ಮಾಸ್ತರರು ಮಾತ್ರ ಹೊಸ್ತಿಲ ಆಚೆಗೇ ನಿಂತು ಕೇಳಿದರು: "ಏನ್ರಿ ಮಾಸ್ತರ, ಪೇಶಂಟ್ ಹೆಂಗದಾವ?"

"ಅವು ಪೇಶಂಟ್ ಅಲ್ಲ. ಕಪ್ಪೆ."

"ಆಗತಾವ ತಗೋರಿ. ನೋಡಾಕ ಮಂದಿ ಭಾಳ ಬರಾಕತ್ತಾರ."

ಪೇಢೆಯ ಗುಣ

ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಮೈಯೊಳಗೇ ಕರಗುತ್ತದೆ. ಆಗ ಆ ಬಾಲವೇ ಅದರ ಊಟ. ಕರಗಿ ಮುಗಿಯುವ ತನಕ ಮರಿ ಬೇರೇನೂ ತಿನ್ನುವುದಿಲ್ಲ, ತಿನ್ನಬೇಕಾಗಿಯೂ ಇಲ್ಲ. ಇಷ್ಟನ್ನು ನಾನು ಹೆಡ್ ಕ್ಲಾರ್ಕರಿಗೆ ಕ್ರಮವಾಗಿ ವಿವರಿಸಿದೆ. ಕೇಳಿ ಅವರ ಕಣ್ಣು ತುಂಬಿ ಬಂದವು.

"ತನ್ನ ಬಾಲಾ ತಾನ ತಿಂದು ಬದಕಬೇಕೇನ್ರಿ ಪಾಪ! ನಿಮಗ ಮಕ್ಕಳಿಲ್ಲೇನು?"

"ಇದ್ದಾರೆ. ಅವರಿಗೆ ಬಾಲ ಇಲ್ಲ."

"ಇರ್ತಾವ್ರಿ. ನೀವು ಸಾಲಿಗೆ ಬಂದ ಮ್ಯಾಲೆ ಹೊರಗ ಬರ್ತಾವ."

ಮರುದಿನ ಮಧ್ಯಾಹ್ನದ ಸುಟ್ಟಿಯಲ್ಲಿ ಬಂದು ನೋಡುತ್ತೇನೆ, ಆರೂ ಮರಿಗಳು ಒಂದೇ ಸಾಲಿನಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ಕುಳಿತಿವೆ. ಪ್ರತಿಯೊಂದರ ಮುಂದೆ ಪೇಢೆಯ ಒಂದೊಂದು ಚೂರು. ಒಂದರ ಮೂಗಿನ ಮೇಲೂ ಸ್ವಲ್ಪ ಹತ್ತಿತ್ತು.

"ಎದುರು ಬದುರು ಕೂತಿದ್ವು. ಸಾಲಾಗಿ ಕೂಡಿಸಿ ಬಡಿಸಿದೆ," ಎಂದರು ಕ್ಲಾರ್ಕರು, ಬೆರಳಿಗೆ ಹತ್ತಿದ ತುಪ್ಪ ಒರೆಸಿಕೊಳ್ಳುತ್ತ. "ಮೆತ್ತಗ ಅದ, ಹಲ್ಲು ಬೇಕಾಗೂದಿಲ್ಲ."

ಕಪ್ಪೆ ಅಲುಗಾಡದ ಪದಾರ್ಥವನ್ನು ಆಹಾರವೆಂದೇ ತಿಳಿಯುವುದಿಲ್ಲ ಎಂದು ಹೇಳಿ ನಾನು ಅವರನ್ನು ಹೊರಗೆ ಕಳಿಸಿದೆ, ಪೆಟ್ಟಿಗೆ ತೊಳೆದೆ. ಆದರೆ ಒಂದು ಚೂರು ಟೊಂಗೆಯ ಸಂದಿಯಲ್ಲಿ ಉಳಿದಿತ್ತು. ಅದಕ್ಕೆ ಸಣ್ಣ ಇರುವೆ ಹತ್ತಿದವು. ಅಷ್ಟರಲ್ಲಿ ಬಾಲ ಕರಗಿ ಹಸಿವು ಹುಟ್ಟಿದ್ದ ಮರಿಗಳು ಇರುವೆಯನ್ನು ಒಂದೊಂದಾಗಿ ಹೆಕ್ಕಿ ತಿಂದವು. ಇದನ್ನು ಕಿಡಿಕಿಯಿಂದ ಕಂಡ ಕ್ಲಾರ್ಕರು ಸ್ಟಾಫ್ ರೂಮಿನಲ್ಲಿ ಪೇಢೆ ಕಪ್ಪೆಗಳ ಮೈಗೆ ಹತ್ತಿತೆಂದು ಸಾರಿದರು.

ನಾನು ಹೋಗಿ ತಿದ್ದಿದೆ. "ಅವು ತಿಂದದ್ದು ಇರುವೆ."

"ಇರವಿ ಏನ್ ತಿಂದಿದ್ವು?"

"ಪೇಢೆ."

"ಮತ್ತ?"

ಬಲಗೈಯೋ ಎಡಗೈಯೋ

ಮರಗಪ್ಪೆ ಬಣ್ಣ ಬದಲಿಸುತ್ತದೆ. ಒದ್ದೆ ಟೊಂಗೆಯ ಮೇಲಿದ್ದರೆ ಕಂದು. ಬಿಸಿಲು ಬಿದ್ದ ಗಾಜಿಗೆ ಅಂಟಿ ಕುಳಿತರೆ ಗೋಡೆಗೆ ಸುಣ್ಣ ಬಳಿದಂತೆ ಬಿಳಿ. ಅದು ಆರೋಗ್ಯದ ಗುರುತು. ನಮ್ಮ ಕನ್ನಡ ಪಂಡಿತರು ಮಾತ್ರ ಆ ಬಿಳುಪನ್ನು ಕಂಡು ಪಾಂಡುರೋಗ ಎಂದರು. ನನ್ನನ್ನು ಒಂದು ಮಾತು ಕೇಳದೆ, ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದ ತಮ್ಮ ಸೋದರಮಾವನನ್ನು ರೈಲಿನಲ್ಲಿ ಕರೆಸಿದರು. ಮಾವನವರು ನಾಡಿ ವೈದ್ಯರು. ತಲೆಗೆ ರುಮಾಲು, ಕಿವಿಯಲ್ಲಿ ಮುತ್ತಿನ ಭಿಕಬಾಳಿ. ಅಷ್ಟು ದೂರದಿಂದ ಬಂದ ಹಿರಿಯರನ್ನು ಬಾಗಿಲಲ್ಲೇ ನಿಲ್ಲಿಸುವುದು ಸಭ್ಯತೆಯಲ್ಲವೆಂದು, ಕೈ ತೋಯಿಸಿಕೊಳ್ಳಲು ನೀರು ಕೊಟ್ಟೆ. ಅವರು ತೋಯಿಸಿಕೊಂಡರು. ಆಮೇಲೆ ಧೋತರಕ್ಕೆ ಚೊಕ್ಕಟಾಗಿ ಒರೆಸಿಕೊಂಡರು.

"ಒದ್ದಿ ಕೈಗೆ ನಾಡಿ ಹತ್ತೂದಿಲ್ರಿ. ಹಾಂ, ಇದು ಗಂಡೋ ಹೆಣ್ಣೋ?"

"ಮರಿಯಾಗಿದ್ದಾಗ ತಿಳಿಯುವುದಿಲ್ಲ."

"ತಿಳಿಯೂದಿಲ್ಲಂದ್ರ ಹೆಂಗ? ಗಂಡಸಿಗೆ ಬಲಗೈ, ಹೆಂಗಸಿಗೆ ಎಡಗೈ ನೋಡಬೇಕು. ತಪ್ಪು ಕೈ ಹಿಡದ್ರ ತಪ್ಪು ರೋಗ ಬರ್ತದ."

"ಇದಕ್ಕೆ ರೋಗವೇ ಇಲ್ಲ."

"ಅದನ್ನ ನಾಡಿ ಹೇಳಬೇಕು. ನೀವಲ್ಲ."

ಪಂಡಿತರು ನಡುವೆ ಬಾಯಿ ಹಾಕಿದರು. "ಮಾವಾ, ಎರಡೂ ಕೈ ಹಿಡೀರಿ. ಒಂದಾದ್ರೂ ಸರಿ ಇರ್ತದ."

ನಾನು ತಡೆಯುವುದರೊಳಗೆ ವೈದ್ಯರು ಮರಿಯನ್ನು ಅಂಗೈಗೆ ತೆಗೆದುಕೊಂಡು, ನೂಲಿನೆಳೆಯಂಥ ಅದರ ಎರಡೂ ಕೈಗಳನ್ನು ಎರಡು ಬೆರಳುಗಳಿಂದ ಒತ್ತಿ, ಕಣ್ಣು ಮುಚ್ಚಿದರು. ಹಿಡಿದವನ ಕೈಯಲ್ಲಿ ಯಾವ ಕಪ್ಪೆಯಾದರೂ ಏನು ಮಾಡುತ್ತದೋ ಅದನ್ನೇ ಅದು ಮಾಡಿತು. ಮೈಯಲ್ಲಿದ್ದ ನೀರನ್ನೆಲ್ಲ ವೈದ್ಯರ ಅಂಗೈಗೆ ಬಿಟ್ಟಿತು.

ವೈದ್ಯರು ಬೆಚ್ಚಲಿಲ್ಲ. ಕಣ್ಣು ತೆರೆದರು. ಅಂಗೈಯನ್ನು ಕಿಡಿಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸ್ವಚ್ಛ ಅದ," ಎಂದರು. "ಪಾಂಡುರೋಗ ಅಲ್ಲ."

ಆ ಮಳೆಗಾಲದಲ್ಲಿ ಆ ಖೋಲಿಯಲ್ಲಿ ಹೊರಗಿನವರು ಕೊಟ್ಟ ಒಂದೇ ಒಂದು ಸರಿಯಾದ ನಿರ್ಣಯ ಅದು. ಅದನ್ನೂ ಕಪ್ಪೆಯೇ ಹೇಳಿಕೊಡಬೇಕಾಯಿತು.

ಮೂರ್ಛೆ

ಬೆಳೆಯುವ ಮರಿ ಆಗಾಗ ಪೊರೆ ಬಿಡುತ್ತದೆ. ಬೆನ್ನು ಡೊಂಕು ಮಾಡುತ್ತದೆ, ಬಾಯಿ ಕಳೆಯುತ್ತದೆ, ಕಣ್ಣು ಒಳಗೆಳೆದುಕೊಳ್ಳುತ್ತದೆ, ಅಂಗಿ ಕಳೆಯುವವರ ಹಾಗೆ ಪೊರೆಯನ್ನು ತಲೆಯ ಮೇಲಿಂದ ಎಳೆದು ನುಂಗಿಬಿಡುತ್ತದೆ. ನಾನು ತರಗತಿಯಲ್ಲಿದ್ದಾಗ ಇದನ್ನು ಕಂಡವರು ಸಂಸ್ಕೃತದ ಶಾಸ್ತ್ರಿಗಳು. ಅವರು ನೇರ ಹೆಡ್‌ಮಾಸ್ತರರ ಕೋಣೆಗೆ ಓಡಿ, ಮೇಜಿನ ಮೇಲಿದ್ದ ಬೀಗದ ಕೈಗಳ ಗೊಂಚಲನ್ನು ಎತ್ತಿಕೊಂಡು ಬಂದರು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕಲ್ಲ.

ಮರಿಯ ಕೈ ಗೊಂಚಲು ಹಿಡಿಯುವಷ್ಟು ದೊಡ್ಡದಿರಲಿಲ್ಲ. ಶಾಸ್ತ್ರಿಗಳು ಗೊಂಚಲನ್ನು ಪೆಟ್ಟಿಗೆಯೊಳಗಿಟ್ಟು, ಮರಿಯನ್ನೇ ಎತ್ತಿ ಅದರ ಮೇಲೆ ಕೂಡಿಸಿದರು. ಪೊರೆ ಬಿಟ್ಟು ಮುಗಿಸಿದ್ದ ಮರಿ ತಂಪು ಕಬ್ಬಿಣದ ಮೇಲೆ ಕಾಲು ಮಡಿಚಿ ನಿದ್ದೆ ಹೋಯಿತು.

ಆ ಗೊಂಚಲಿನಲ್ಲಿ ಅಲಮಾರಿಯ ಬೀಗದ ಕೈ ಇತ್ತು. ಅಲಮಾರಿಯಲ್ಲಿ ಮಧ್ಯಾಹ್ನದ ಗಣಿತ ಪರೀಕ್ಷೆಯ ಪ್ರಶ್ನಪತ್ರಿಕೆಗಳಿದ್ದವು.

ನಾನು ಬಂದು, ಕೈ ತೋಯಿಸಿಕೊಂಡು, ಮರಿಯನ್ನು ಎತ್ತಲು ಹೋದೆ. ಶಾಸ್ತ್ರಿಗಳು ಅಡ್ಡ ನಿಂತರು.

"ಮುಟ್ಟಬಾರದು ಅಂತ ನೀವ ಬರದೀರಿ!"

"ಒಣ ಕೈಯಿಂದ ಎಂದು ಬರೆದಿದ್ದೇನೆ. ನನ್ನ ಕೈ ತೋಯ್ದಿದೆ."

"ಅಪಸ್ಮಾರದಾಗ ನೀರು ವರ್ಜ್ಯ! ಈಗಷ್ಟ ಶಾಂತ ಆಗ್ಯದ, ಎಬ್ಬಿಸಬ್ಯಾಡ್ರಿ."

ಹೆಡ್‌ಮಾಸ್ತರರು ಬಂದರು. ಇಬ್ಬರ ಮಾತನ್ನೂ ಕೇಳಿದರು. ಯಾರನ್ನೂ ನೋಯಿಸಲಾರದೆ, ಕಪ್ಪೆ ತಾನಾಗಿ ಏಳುವ ತನಕ ಕಾಯೋಣವೆಂದರು. ಕಿಡಿಕಿಯ ಹೊರಗೆ ಇಡೀ ತರಗತಿ ನೆರೆದು, "ಏಳಬ್ಯಾಡೋ ನಮ್ಮಪ್ಪಾ, ಮಲಕೋ" ಎಂದು ಕೈ ಮುಗಿದು ನಿಂತಿತ್ತು. ಪರೀಕ್ಷೆ ಅಂದು ನಡೆಯಲಿಲ್ಲ. ಅಂದಿನಿಂದ ಪ್ರತಿ ಗಣಿತ ಪರೀಕ್ಷೆಯ ಮುನ್ನಾದಿನ ಹುಡುಗರು ಬಂದು, ಕಪ್ಪೆಯ ಪ್ರಕೃತಿ ಹೇಗಿದೆ ಎಂದು ಬಹಳ ಕಳಕಳಿಯಿಂದ ವಿಚಾರಿಸುತ್ತಿದ್ದರು.

ಗುಲಾಬಿ ಬಣ್ಣ

ಇಷ್ಟು ಕೈಗಳು ಆಡಿದ ಮೇಲೆ ಆಗಬೇಕಾದದ್ದು ಆಯಿತು. ಒಂದು ಮರಿ ಟೊಂಗೆ ಬಿಟ್ಟು ಕೆಳಗೆ ನೀರಿನಲ್ಲೇ ಕೂರತೊಡಗಿತು. ಸಂಜೆ ಉಳಿದವು ಜಿಗಿದಾಡುವ ಹೊತ್ತಿನಲ್ಲಿ ಇದರ ಕಣ್ಣು ಅರೆ ಮುಚ್ಚಿರುತ್ತಿತ್ತು. ಮೂಗಿನ ಮುಂದೆ ಗುಂಗಾಡ ಹಾರಿದರೂ ನಾಲಿಗೆ ಚಾಚಲಿಲ್ಲ. ತಿರುಗಿಸಿ ನೋಡಿದರೆ ಹೊಟ್ಟೆಯ ಅಡಿ, ತೊಡೆಯ ಒಳಬದಿ ಕೆಂಪಗೆ. ಹೊಲಸು ನೀರು, ಹೊಲಸು ಕೈಗಳಿಂದ ಬರುವ ರೋಗ ಅದು. ಒಂದಕ್ಕೆ ಬಂದರೆ ಎಲ್ಲಕ್ಕೂ ಹಬ್ಬುತ್ತದೆ. ಬಂದವು ಬಹುತೇಕ ಉಳಿಯುವುದಿಲ್ಲ.

ಅಂದೇ ನಮ್ಮ ವೈದ್ಯಮಂಡಲಿ ದರ್ಶನಕ್ಕೆ ಬಂತು.

"ಇದು ನೋಡ್ರಿ ಛಲೋ ಅದ!" ಎಂದರು ಕ್ಲಾರ್ಕರು. "ಗುಲಾಬಿ ಆಗ್ಯದ!"

"ರಕ್ತ ಹತ್ಯದ. ಮಾವಾ ಹೇಳಿದ್ದು ಖರೇ ಆತು," ಎಂದರು ಪಂಡಿತರು.

"ಸ್ವಭಾವನೂ ಶಾಂತ," ಎಂದರು ಶಾಸ್ತ್ರಿಗಳು. "ಉಳಿದವಕ್ಕ ಏನ್ ಚೇಷ್ಟಾ, ಏನ್ ಕಥಿ!"

ಆರೋಗ್ಯದಿಂದಿದ್ದವಕ್ಕೆಲ್ಲ ಮದ್ದು ಮಾಡಿದವರು, ಸಾಯಲು ಕುಳಿತದ್ದನ್ನು ಕಂಡು ಶಹಬಾಸ್ ಎಂದು ಹೋದರು.

ನಾನು ಅದನ್ನು ಬೇರೆ ಮಾಡಿದೆ. ಮಣ್ಣಿನ ಬೋಗುಣಿ, ಹತ್ತಿ ಕೂರಲು ಓರೆಯಾಗಿ ಒಂದು ಹಂಚಿನ ತುಂಡು, ತೆಳ್ಳಗೆ ನಿಂತ ಬಾವಿಯ ನೀರು, ಮುಂಜಾನೆಗೊಮ್ಮೆ ಸಂಜೆಗೊಮ್ಮೆ ಹೊಸದು, ನೆರಳು. ದೊಡ್ಡ ಪೆಟ್ಟಿಗೆಯನ್ನು ಕುದಿನೀರಿನಿಂದ ತೊಳೆದು ಆರಿಸಿದೆ. ಇದಕ್ಕಿಂತ ಹೆಚ್ಚಿನ ಮದ್ದು ನನಗೆ ತಿಳಿದಿರಲಿಲ್ಲ. ತಿಳಿಯದ ಮದ್ದನ್ನು ನಾನು ಮಾಡುವವನಲ್ಲ. ಖೋಲಿಗೆ ಕೀಲಿ ಹಾಕಿದೆ.

ಡ್ರಿಲ್ ಮಾಸ್ತರರು ಹೊಸ್ತಿಲ ಆಚೆ ನಿಂತಿದ್ದರು. "ಒಂದು ಬ್ಯಾರೆ ಇಟ್ಟೀರಂತ?"

"ಹೌದು."

"ಉಳಿತೈತೇನು?"

"ಗೊತ್ತಿಲ್ಲ."

"ಸತ್ತರ ಸತ್ತಿತು ಅಂತ ಹೇಳ್ರಿ. ಮುಚ್ಚಿಡಬ್ಯಾಡ್ರಿ."

"ಮುಚ್ಚಿಡುವ ರೂಢಿ ನನಗಿಲ್ಲ."

"ನನಗೂ ಇಲ್ಲ," ಎಂದು ಹೊರಟುಹೋದರು. ಸ್ಟಾಫ್ ರೂಮಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು: ಇದ್ದದ್ದರಲ್ಲಿ ಒಂದೇ ಒಂದು ಕಪ್ಪೆ ಗುಂಡುಗುಂಡಗೆ ಗುಲಾಬಿಯಾಗಿತ್ತು, ಮಾಸ್ತರರು ಅದನ್ನು ಜೇಲಿಗೆ ಹಾಕಿದ್ದಾರೆ!

ಸುಳ್ಳದ ಕಪ್ಪೆ

ಒಂದು ಕಡಿಮೆಯಾಗಬಹುದೆಂಬ ಮಾತು ಹೆಡ್‌ಮಾಸ್ತರರ ಕಿವಿಗೂ ಬಿತ್ತು. ಕಡಿಮೆಯಾದರೆ ಕರಾರಿನಂತೆ ಖೋಲಿ ಕೊಡಬೇಕು, ಕೊಟ್ಟರೆ ನನಗೆ ನೋವು. ಅದನ್ನು ತಪ್ಪಿಸಲು ಅವರು ಸುಳ್ಳ ಗ್ರಾಮದ ಪರಿಚಯದವರೊಬ್ಬರಿಂದ, ಬುಟ್ಟಿಯಲ್ಲಿ ಮುಚ್ಚಿ, ಒಂದು ಗದ್ದೆಗಪ್ಪೆ ತರಿಸಿದರು. ಬುಟ್ಟಿಯ ಮುಚ್ಚಳ ಎತ್ತಿದೆ. ಅದು ನನ್ನನ್ನು ನೋಡಿತು. ನನ್ನ ಮುಷ್ಟಿಗಿಂತ ದೊಡ್ಡದು.

"ಸರ್, ಇದು ಮರಗಪ್ಪೆ ಅಲ್ಲ."

"ಮರದ ಕೆಳಗ ಸಿಕ್ಕದ್ರಿ. ನಾ ಕೇಳೇನಿ."

"ನಮ್ಮವು ಉಗುರಿನಷ್ಟಿವೆ."

"ದೊಡ್ಡದಿದ್ರ ಛಲೋ ಅಲ್ಲೇನ್ರಿ? ಸಾಹೇಬರಿಗೆ ದೂರಿಂದ ಕಾಣ್ತದ. ಆರು ಅಂದ್ರ ಆರು ಆತು."

"ಇದನ್ನು ಒಳಗೆ ಬಿಟ್ಟರೆ ಸಂಜೆಗೆ ಒಂದೇ ಉಳಿಯುತ್ತದೆ, ಸರ್. ಉಳಿದವು ಇದರ ಹೊಟ್ಟೆಯಲ್ಲಿರುತ್ತವೆ."

ಹೆಡ್‌ಮಾಸ್ತರರು ಬುಟ್ಟಿಯೊಳಗೆ ಇಣುಕಿದರು. "ಒಳಗ ಜೀವಂತ ಇರ್ತಾವೇನು?" ಎಂದು ಕೇಳಿದರು.

ಸುಳ್ಳದಿಂದ ಬಂದದ್ದನ್ನು ಸುಳ್ಳಕ್ಕೇ ಕಳಿಸಿದೆ. ಬೋಗುಣಿಯ ಮರಿ ಅಷ್ಟರಲ್ಲಿ ಹಂಚಿನ ತುಂಡನ್ನು ಹತ್ತಿತ್ತು. ಕೆಂಪು ಇಳಿಯಿತು. ಗುಂಗಾಡ ಹಿಡಿಯಿತು. ಇನ್ಸ್‌ಪೆಕ್ಟರರು ಬರುವ ದಿನ ಮುಂಜಾನೆ, ಕೈ ತೋಯಿಸಿಕೊಂಡು, ಅದನ್ನು ಉಳಿದವುಗಳ ಜೊತೆ ಬಿಟ್ಟೆ. ಈಗ ಆರಕ್ಕೆ ಆರೂ ಇದ್ದವು. ಸಾಹೇಬರು ಖೋಲಿ ನೋಡಿ ಹೋಗುವ ತನಕ ಇದ್ದರೆ ಸಾಕಿತ್ತು.

ತಪಾಸಣೆ

ಇನ್ಸ್‌ಪೆಕ್ಟರ್ ಸಾಹೇಬರು ನಮ್ಮವರೇ, ಕನ್ನಡದವರು. ಗಿಡ್ಡ ಮನುಷ್ಯರು, ಮುಚ್ಚಿದ ಕಾಲರಿನ ಕೋಟು. ಅವರ ಹಿಂದೆ ಇಡೀ ಸ್ಟಾಫ್ ಖೋಲಿಯೊಳಗೆ ಸಾಲುಗಟ್ಟಿತು. ಹೆಡ್‌ಮಾಸ್ತರರ ಅಪ್ಪಣೆಯಂತೆ ಡ್ರಿಲ್ ಮಾಸ್ತರರೂ ಮೊದಲ ಬಾರಿಗೆ ಹೊಸ್ತಿಲು ದಾಟಿ, ಸಾಲಿನ ತುದಿಗೆ, ಪೆಟ್ಟಿಗೆಯ ಪಕ್ಕಕ್ಕೆ ನಿಂತರು.

ಸಾಹೇಬರು ಬೋರ್ಡನ್ನು ಎರಡೂ ಭಾಷೆಗಳಲ್ಲಿ ಓದಿದರು. "ಛಲೋ ನಿಯಮ. ಇದನ್ನ ಪಾಲಸ್ತಾರೇನ್ರಿ ಇಲ್ಲೆ?"

"ಅಕ್ಷರಶಃ," ಎಂದರು ಹೆಡ್‌ಮಾಸ್ತರರು. ಕ್ಲಾರ್ಕರು, ಪಂಡಿತರು, ಶಾಸ್ತ್ರಿಗಳು ಒಟ್ಟಿಗೆ ತಲೆದೂಗಿದರು.

"ಬೆರಳ ತುದಿಗೆ ಅಂಟೂ ಬಿಲ್ಲಿ ಇರ್ತಾವಂತಲ್ಲ. ತೋರಸ್ರಿ."

ನಾನು ಮುಚ್ಚಳ ತೆಗೆದು ಕೈ ಹಾಕಿದೆ. ಸಾಹೇಬರು ಬಂದ ಗಡಿಬಿಡಿಯಲ್ಲಿ, ಬೋರ್ಡು ಬರೆದವನ ಕೈಯೇ ಒಣಗಿತ್ತು. ಒಂದು ಮರಿ ಬೆದರಿ ನನ್ನ ತೋಳಿಗೆ ಹಾರಿತು. ತೋಳಿನಿಂದ, ಯಾರೂ ಕಣ್ಣು ಮಿಟುಕಿಸುವುದರೊಳಗೆ, ಡ್ರಿಲ್ ಮಾಸ್ತರರ ಮೀಸೆಗೆ. ಅಲ್ಲಿ ನಾಲ್ಕೂ ಕಾಲು ಊರಿ ಅಂಟಿಕೊಂಡಿತು. ಬೋಗುಣಿಯಲ್ಲಿ ಬದುಕಿ ಎದ್ದಿದ್ದ ಮರಿಯೇ ಅದು.

"ಝಾಡಿಸ್ರಿ! ಝಾಡಿಸ್ರಿ!" ಎಂದು ಕ್ಲಾರ್ಕರು ಕೂಗಿದರು.

"ಊದ್ರಿ, ಮ್ಯಾಲಕ್ಕ ಊದ್ರಿ!" ಎಂದರು ಪಂಡಿತರು.

ಶಾಸ್ತ್ರಿಗಳು ಕಬ್ಬಿಣಕ್ಕಾಗಿ ಸುತ್ತ ನೋಡತೊಡಗಿದರು.

ಡ್ರಿಲ್ ಮಾಸ್ತರರು ಅಟೆನ್ಶನ್ನಿನಲ್ಲಿ ನಿಂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಎರಡೂ ಕೈ ಪ್ಯಾಂಟಿನ ಹೊಲಿಗೆಗೆ ಅಂಟಿದ್ದವು. ಒಂದು ಬೀಸು ಬೀಸಿದ್ದರೆ ಮರಿ ಫರಸಿ ನೆಲಕ್ಕೆ ಬಿದ್ದು ಅಲ್ಲೇ ಮುಗಿಯುತ್ತಿತ್ತು, ಖೋಲಿ ಅವರದಾಗುತ್ತಿತ್ತು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಡ್ರಿಲ್ ಮಾಸ್ತರ, ತಗೀರಿ ಅದನ್ನ!" ಎಂದರು ಹೆಡ್‌ಮಾಸ್ತರರು. ಅವರು ಯಾರಿಗಾದರೂ ಹುಕುಂ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾ ಹೇಳ್ಲಿಕ್ಕತ್ತೇನಿ, ತಗೀರಿ!"

"ಇಲ್ರಿ ಸರ್," ಎಂದರು ಡ್ರಿಲ್ ಮಾಸ್ತರರು, ತುಟಿ ಅಲುಗದಂತೆ. "ಮುಟ್ಟಬಾರದು ಅಂತ ಬರದೈತಿ."

ಸಾಹೇಬರೇ ಕನಿಕರದಿಂದ, ಕರವಸ್ತ್ರ ತೆಗೆದು ಕೈ ಚಾಚಿದರು.

"ಬ್ಯಾಡ್ರಿ ಸಾಹೇಬರ. ನಿಮ್ಮ ಕೈ ಒಣಾ ಐತಿ."

ಸಾಹೇಬರ ಕೈ ಅಲ್ಲಿಯೇ ನಿಂತಿತು.

"ಈ ಖೋಲಿ ನನಗ ಬೇಕಾಗಿತ್ರಿ, ಖರೇ," ಎಂದರು ಡ್ರಿಲ್ ಮಾಸ್ತರರು. "ಹಿಂಗ ಬ್ಯಾಡ."

ಆಮೇಲೆ ಅವರು ಪಲ್ಟಣದ ಕ್ರಮದಲ್ಲಿ ಹಿಮ್ಮಡಿಯ ಮೇಲೆ ತಿರುಗಿದರು. ಪೆಟ್ಟಿಗೆಯ ಮುಂದೆ ಬಂದು, ಕೈ ಎತ್ತದೆ, ಮೊಣಕಾಲು ಬಾಗಿಸದೆ, ಸೊಂಟದಿಂದ ಬಗ್ಗಿ, ಇಡೀ ತಲೆಯನ್ನು ಮರಗಪ್ಪೆಗಳ ನಡುವೆ ಇಳಿಸಿ, ಮರಿ ತಾನಾಗಿ ಟೊಂಗೆಗೆ ಹತ್ತುವ ತನಕ ಹಾಗೆಯೇ ನಿಂತರು.